ಫ್ಯಾನಿನ ಕೊಕ್ಕೆಗೆ ತೂಗಿದ ಫಲಾವಳಿ

ನಮ್ಮ ಶ್ರೀಲಕ್ಷ್ಮಿಯ ಎದುರು ಏನಾದರೂ ಕಳೆದುಹೋಯಿತು ಅಂತ ಮಾತ್ರ ಹೇಳಬಾರದು. ಹೇಳಿದಿರೋ, ಮುಗೀತು ಕಥೆ. ನಮ್ಮ ಯಜಮಾನರು ಅನಂತಮೂರ್ತಿ ಒಂದು ಸಲ "ಕನ್ನಡಕ ಕಾಣಿಸ್ತಿಲ್ಲ" ಅಂತ ಅವಳ ಮುಂದೆ ಬಾಯಿಬಿಟ್ಟರು. ಅವರನ್ನು ಸೋಫಾದಲ್ಲಿ ಕೂರಿಸಿಕೊಂಡು ಶುರು ಮಾಡಿದಳು ನೋಡಿ: "ಕೊನೇ ಸಲ ಮೂಗಿನ ಮೇಲೆ ಇದ್ದದ್ದು ಎಲ್ಲಿ? ಅಲ್ಲಿಂದ ಎದ್ದು ಎಲ್ಲಿಗೆ ಹೋದ್ರಿ? ಆಗ ಕೈಯಲ್ಲಿ ಎಂತ ಇತ್ತು?" ಕನ್ನಡಕ ಕೊನೆಗೆ ಸಿಕ್ಕಿದ್ದು ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆ ಪಕ್ಕ. ಇವರು ಕದ್ದು ಜಾಮೂನು ತಿನ್ನಲು ಹೋಗಿದ್ದೂ ಅದರ ಜೊತೆಗೇ ಹೊರಬಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಏನು ಕಳೆದರೂ ಪಿಸುಮಾತಿನಲ್ಲಿ ಹುಡುಕ್ತೀವಿ.

ಅವಳು ಕುಮಟಾ ಕಡೆಯವಳು, ನಾನು ಹಾಸನದವಳು. ದಿಲ್ಲಿ ಪಕ್ಕದ ಇಂದಿರಾಪುರಂನ ಈ ಸೊಸೈಟಿಯಲ್ಲಿ ನಮ್ಮದು ಎದುರುಬದುರು ಬಾಗಿಲು. ಅವಳು ಕೇಂದ್ರ ಸರ್ಕಾರದ ಒಂದು ಸಚಿವಾಲಯಕ್ಕೆ ಕ್ಲರ್ಕಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದವಳು. ಆಫೀಸಿನಲ್ಲಿ ಯಾವ ಫೈಲು ಕಾಣೆಯಾದರೂ "ಲಕ್ಷ್ಮೀಜೀಕೋ ಬುಲಾವ್" ಅನ್ನುತ್ತಿದ್ದರಂತೆ. ಇವಳು ಕೂಗಾಡುವುದಿಲ್ಲ, ಯಾರ ಮೇಲೂ ಗೂಬೆ ಕೂರಿಸುವುದಿಲ್ಲ. "ಫೈಲಿಗೆ ಕಾಲಿಲ್ಲ ಮಾರಾಯ್ತಿ. ಯಾರದೋ ಒಂದು ಟೇಬಲ್ಲಿನವರೆಗೆ ಬಂದಿರ್ತದೆ, ಮುಂದಿನ ಟೇಬಲ್ಲಿಗೆ ಹೋಗಿರೋದಿಲ್ಲ. ಆ ಟೇಬಲ್ ಯಾವುದು ಅಂತ ನೋಡಿದ್ರೆ ಆಯ್ತು. ಬೈಯೋದು, ಅಳೋದು ಎಲ್ಲ ಆಮೇಲೆ" ಅನ್ನುತ್ತಾಳೆ. ನನ್ನದು ತಿರುಗುಮುರುಗು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಬೈದು, ಆಮೇಲೆ ಹುಡುಕೋದು. ಇಬ್ಬರಿಗೂ ಇಷ್ಟು ವರ್ಷ ಹೇಗೆ ಹೊಂದಿಕೆಯಾಯಿತೋ ಆ ದೇವರೇ ಬಲ್ಲ.

ಅವಳ ಗಂಡ ಏಕನಾಥರು ಇದ್ದಾಗ ಚೌತಿ ಅಂದರೆ ಅವರ ಮನೆಯದೇ. ಅವರ ಕಡೆ ಗಣಪತಿಯ ತಲೆಯ ಮೇಲೆ ಫಲಾವಳಿ ಕಟ್ಟಬೇಕು. ಮರದ ಪಟ್ಟಿಗಳ ಒಂದು ಚೌಕಟ್ಟು; ಅದಕ್ಕೆ ತೆಂಗಿನಕಾಯಿ, ಸೌತೆ, ಹಾಗಲ, ಮಾದಳಕಾಯಿ, ಅಡಿಕೆ ಗೊನೆ, ಮಾವಿನೆಲೆ, ಆ ಕಾಲದಲ್ಲಿ ಭೂಮಿ ಏನೇನು ಕೊಟ್ಟಿದೆಯೋ ಅದೆಲ್ಲ ತೂಗುಬಿಡೋದು. ಊರಿನ ಮನೆಯಲ್ಲಾದರೆ ಅದಕ್ಕೆಂದೇ ತೊಲೆಗೆ ಬಳೆ ಇರುತ್ತದೆ. ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ತೊಲೆ ಎಲ್ಲಿಂದ ತರೋದು? ಏಕನಾಥರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಚೌತಿಯ ಹಿಂದಿನ ದಿನ ಹಾಲಿನ ಸೀಲಿಂಗ್ ಫ್ಯಾನನ್ನೇ ಇಳಿಸಿ, ಅದರ ಕೊಕ್ಕೆಗೆ ಫಲಾವಳಿ ತೂಗುತ್ತಿದ್ದರು! ಹೊರಗೆ ಭಾದ್ರಪದದ ಧಗೆ, ಒಳಗೆ ಫ್ಯಾನಿಲ್ಲ. ನಾವೆಲ್ಲ ಬೆವರಿ ತೊಪ್ಪೆಯಾಗಿ ಆರತಿ ಹಾಡುತ್ತಿದ್ದೆವು. ನಾನು ಪ್ರತಿವರ್ಷ ಗೊಣಗುತ್ತಿದ್ದೆ. "ವಾಸಂತಿಯವರೇ, ಗಣಪತಿಗಿಲ್ಲದ ಸೆಖೆ ನಿಮಗೆಂತದು?" ಅಂತ ನಗುತ್ತಿದ್ದರು ಪುಣ್ಯಾತ್ಮರು.

ಹೋದ ವರ್ಷ ಚೌತಿಗೆ ಮೊದಲೇ ಅವರು ಹೋಗಿಬಿಟ್ಟರು. ಎದೆನೋವು ಅಂದರು, ಆಸ್ಪತ್ರೆಗೆ ಮುಟ್ಟಿಸಿದೆವು, ಅಷ್ಟೇ. ವರ್ಷ ತುಂಬುವವರೆಗೆ ಹಬ್ಬ ಹುಣ್ಣಿಮೆ ಏನೂ ಇರಲಿಲ್ಲ. ಆ ಮನೆಯ ಬಾಗಿಲಿಗೆ ಒಂದು ಮಾವಿನೆಲೆಯೂ ಏರಲಿಲ್ಲ.

ಅವಳ ಮಗ ವರುಣ್ ಗುರುಗ್ರಾಮದಲ್ಲಿ ಇರೋದು. ಒಳ್ಳೇ ಹುಡುಗ, ಸುಳ್ಳು ಹೇಳಬಾರದು. ಆದರೆ ಅಪ್ಪ ಹೋದ ದಿನದಿಂದ ಒಂದೇ ರಾಗ: "ಅಮ್ಮಾ, ಒಬ್ಬಳೇ ಇಲ್ಲಿ ಯಾಕೆ? ನಮ್ಮ ಜೊತೆ ಬಂದ್ಬಿಡು. ಈ ಫ್ಲ್ಯಾಟ್ ಬಾಡಿಗೆಗೆ ಕೊಟ್ಬಿಡೋಣ. ರಾತ್ರಿ ಏನಾದ್ರೂ ಆದ್ರೆ? ಗೀಸರ್ ಕೆಟ್ರೆ, ಪೈಪ್ ಒಡೆದ್ರೆ ಯಾರು ನೋಡ್ತಾರೆ, ಕೌನ್ ದೇಖೇಗಾ?" ಸೊಸೆ ತನ್ವಿಯೂ ಪ್ರೀತಿಯಿಂದಲೇ ಕರೆದಳು. ಶ್ರೀಲಕ್ಷ್ಮಿಗೆ ಹೋಗಲು ಮನಸ್ಸಿಲ್ಲ. ಅವಳ ಲೈಬ್ರರಿ, ಅವಳ ಭಜನೆ, ಅವಳ ತರಕಾರಿ ಭಯ್ಯಾ, ಅವಳ ಬಾಲ್ಕನಿಯ ವೀಳ್ಯದೆಲೆ ಬಳ್ಳಿ, ಎಲ್ಲ ಇಲ್ಲಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಗಂಡನ ಜೊತೆ ಕಟ್ಟಿದ ಮನೆಯಲ್ಲಿ ತಾನೇ ಯಜಮಾನಿಯಾಗಿ ಇರಬೇಕೆಂಬ ಆಸೆ. ಅದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ಹತ್ತಿರ ಮಾತ್ರ.

ಶ್ರಾವಣದಲ್ಲಿ ಅಮ್ಮ ಮಗನ ನಡುವೆ ಮಾತು ಬೆಳೆಯಿತು. ಆಗ ಇವಳೇ ಅಂದಳು: "ನೋಡು ವರುಣ, ಈ ಸಲದ ಚೌತಿ ನಾನು ಒಬ್ಬಳೇ ಮಾಡ್ತೇನೆ. ಫಲಾವಳಿ, ಪಂಚಕಜ್ಜಾಯ, ನೈವೇದ್ಯ, ಒಂದೂ ಬಿಡದೆ. ನೀವು ಹಬ್ಬದ ಬೆಳಿಗ್ಗೆ ನೆಂಟರ ಹಾಗೆ ಬನ್ನಿ. ನನ್ನ ಕೈಲಿ ಆಗದಿದ್ರೆ ಮಾರನೇ ದಿನ ನಾನೇ ಪೆಟ್ಟಿಗೆ ಕಟ್ತೇನೆ."

"ವಾಸಂತಿ ಆಂಟಿ ಹೆಲ್ಪ್ ಮಾಡ್ತಾರಲ್ಲಾ, ಅದು ಚೀಟಿಂಗ್" ಅಂದ ಅವನು.

"ಅವಳನ್ನು ಲೆಕ್ಕಕ್ಕೆ ಹಿಡೀಬೇಡ, ಅವಳದ್ದು ಬರೀ ಬಾಯಿ" ಅಂದಳು ಇವಳು. ನಾನು ಅಲ್ಲೇ ಕೂತಿದ್ದೆ. ಕೇಳಿಸಿಕೊಂಡು ಸುಮ್ಮನಿದ್ದೆ ಅಂದರೆ ನನ್ನ ಸ್ನೇಹ ಎಂಥದ್ದು ಅಂತ ನೀವೇ ಅರ್ಥ ಮಾಡಿಕೊಳ್ಳಿ.

ಫ್ಯಾನ್ ಇಳಿಸುವುದು ತನ್ನಿಂದಾಗದು, ಆ ಕೆಲಸಕ್ಕೆ ಯಾರ ಹಂಗೂ ಬೇಡ ಅಂತ ಅವಳು ಬೇರೆ ದಾರಿ ಹುಡುಕಿದಳು. ಹಬ್ಬಕ್ಕೆ ಒಂದು ವಾರ ಮೊದಲು ಬಡಗಿಯನ್ನು ಕರೆಸಿ, ಫ್ಯಾನಿಗೂ ಸ್ವಿಚ್ಚಿನ ಗೋಡೆಗೂ ನಡುವೆ, ಗಣಪತಿ ಕೂರುವ ಮಂಟಪದ ಸರಿಯಾಗಿ ಮೇಲೆ, ತಾರಸಿಗೆ ಡ್ರಿಲ್ ಹೊಡೆಸಿ ಹೊಸ ಕೊಕ್ಕೆ ಹಾಕಿಸಿದಳು. "ಈ ಸಲ ಫಲಾವಳಿಯೂ ಉಂಟು, ಫ್ಯಾನೂ ಉಂಟು. ನಿನ್ನ ಗೊಣಗಾಟ ಮಾತ್ರ ಇಲ್ಲ" ಅಂತ ಬೀಗಿದಳು. ನಾನೂ ತಲೆಯೆತ್ತಿ ನೋಡಿ ಭೇಷ್ ಅಂದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಸೇರಿ ಫಲಾವಳಿ ಕಟ್ಟಿದೆವು. ಅಡಿಕೆ ಗೊನೆಯನ್ನು ಕುಮಟಾದಿಂದ ಅವಳ ತಂಗಿ ರೈಲಿನಲ್ಲಿ ಬರುವವರ ಕೈಲಿ ಕಳಿಸಿದ್ದಳು. ಉಳಿದದ್ದು ಇಲ್ಲಿಯ ಮಂಡಿಯದೇ. ಮಾದಳಕಾಯಿ ಸಿಗದೆ ಮೂಸಂಬಿ ಕಟ್ಟಿದೆವು, ಅನಾನಸ್ ಕಟ್ಟಿದೆವು, ದಿಲ್ಲಿಯ ಗಣಪತಿ ಅಡ್ಜಸ್ಟ್ ಮಾಡಿಕೊಳ್ಳಲಿ ಅಂತ ಒಂದೆರಡು ಸೇಬೂ ಕಟ್ಟಿದೆವು. ಕಡೆಗೆ ನಾಲ್ಕು ಮೂಲೆಗೂ ಜುಟ್ಟಿರುವ ತೆಂಗಿನಕಾಯಿ. ಹೊಸ ಕೊಕ್ಕೆಗೆ ತೂಗಿದ ಮೇಲೆ ನೋಡಲು ಎರಡು ಕಣ್ಣು ಸಾಲದು. ಆಮೇಲೆ ಅಡುಗೆಮನೆಗೆ ಹೋಗಿ, ಅವಳು ಮಿಕ್ಸಿಯಲ್ಲಿ ಪಂಚಕಜ್ಜಾಯಕ್ಕೆ ಹುರಿದ ಕಡಲೆ ಪುಡಿ ಮಾಡತೊಡಗಿದಳು. ಅರ್ಧದಲ್ಲಿ ಮಿಕ್ಸಿ ಗಪ್‌ಚುಪ್.

ಮಿಕ್ಸಿ ಮಾತ್ರವಲ್ಲ. ಅಡುಗೆಮನೆಯ ಲೈಟಿಲ್ಲ, ಫ್ರಿಜ್ಜಿನ ಗುಂಯ್ ಸದ್ದಿಲ್ಲ, ಹಾಲಿನ ಫ್ಯಾನ್ ನಿಂತಿದೆ. ಆದರೆ ಮಲಗುವ ಕೋಣೆಗಳಲ್ಲಿ ಎಲ್ಲ ಉರಿಯುತ್ತಿದೆ! ಎದುರಿಗೆ ನಮ್ಮ ಮನೆಯಲ್ಲಿ ಕರೆಂಟಿದೆ, ಲಿಫ್ಟ್ ಓಡುತ್ತಿದೆ. ಅರ್ಧ ಮನೆಗೆ ಜೀವವಿದೆ, ಅರ್ಧಕ್ಕಿಲ್ಲ.

"ಆ ಹಾಳು ಮಿಕ್ಸಿಯದ್ದೇ ಕೆಲಸ!" ಅಂತ ನಾನು ಶುರು ಮಾಡಿದೆ. "ಬಿಸಾಕು ಅಂತ ಎಷ್ಟು ಸಲ ಹೇಳಿದೀನಿ ಅದನ್ನ!"

ಅವಳು ಮಿಕ್ಸಿಯ ಪ್ಲಗ್ ಕಿತ್ತಳು. ಬಾಗಿಲ ಹಿಂದಿನ ಸ್ವಿಚ್ಚಿನ ಡಬ್ಬಿ ತೆರೆದು ನೋಡಿದಳು. ಅಲ್ಲಿ ಎರಡು ದೊಡ್ಡ ಸ್ವಿಚ್ಚುಗಳು, ಅವುಗಳ ಕೆಳಗೆ ಚಿಕ್ಕ ಸ್ವಿಚ್ಚುಗಳ ಸಾಲು. ಒಂದು ದೊಡ್ಡದು ಕೆಳಗೆ ಬಿದ್ದಿತ್ತು. ಮೇಲೆತ್ತಿದಳು. ಠಕ್ ಅಂತ ಮತ್ತೆ ಬಿತ್ತು. ಅವಳ ಮುಖ ಸಣ್ಣದಾಯಿತು. ನಾಳೆ ಬೆಳಿಗ್ಗೆ ಮಗ ಬರುತ್ತಾನೆ. ಫ್ರಿಜ್ಜಿನಲ್ಲಿ ಮೊಸರು, ಹೂವು, ತುರಿದ ಕಾಯಿ. ರುಬ್ಬುವುದು ಇನ್ನೂ ರಾಶಿ ಬಿದ್ದಿದೆ. ಗಣಪತಿ ಕೂರುವ ಹಾಲೇ ಕತ್ತಲು. "ಕೌನ್ ದೇಖೇಗಾ" ಅಂತ ಅವನು ಕೇಳಿದ್ದಕ್ಕೆ ಹಬ್ಬದ ಹಿಂದಿನ ದಿನವೇ ಸಾಕ್ಷಿ ಒದಗಿದ ಹಾಗಾಯಿತು.

ಸೊಸೈಟಿಯ ಇಲೆಕ್ಟ್ರಿಶಿಯನ್ ಸತ್‌ಪಾಲ್ ಬಂದ. ಫ್ರಿಜ್ಜು, ವಾಷಿಂಗ್ ಮಷೀನು, ನೀರಿನ ಫಿಲ್ಟರು ಎಲ್ಲದರ ಪ್ಲಗ್ ತೆಗೆಸಿ ನೋಡಿದ. ಊಹೂಂ, ಸ್ವಿಚ್ಚು ನಿಲ್ಲಲಿಲ್ಲ. "ಆಂಟೀಜೀ, ಎಲ್ಲೋ ಕರೆಂಟ್ ಸೋರ್ತಾ ಇದೆ. ಸೋರಿದ್ರೆ ಈ ಸ್ವಿಚ್ಚು ತಾನೇ ಬೀಳುತ್ತೆ, ನಿಮ್ಮ ಪ್ರಾಣ ಉಳಿಸೋಕೇ ಅದು ಇರೋದು. ಬಹುಶಃ ಗೋಡೆಯೊಳಗಿನ ವೈರಿಂಗು" ಅಂತ ಅವನು ಹಿಂದಿಯಲ್ಲಿ ಹೇಳುತ್ತಿದ್ದಾಗಲೇ ಅವನ ಫೋನ್ ಹೊಡೆದುಕೊಂಡಿತು. ಪಕ್ಕದ ಟವರಿನಲ್ಲಿ ಲಿಫ್ಟ್ ನಿಂತು ಜನ ಸಿಕ್ಕಿಹಾಕಿಕೊಂಡಿದ್ದರು. ಓಡಲೇಬೇಕು ಪಾಪ. ಮುಗಿದ ತಕ್ಷಣ ಬರ್ತೀನಿ, ಆದರೆ ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ ಅಂದ.

ಶ್ರೀಲಕ್ಷ್ಮಿ ಅವನನ್ನು ಬಾಗಿಲಲ್ಲೇ ತಡೆದಳು. "ಒಂದು ಮಾತು ಭಯ್ಯಾ. ಈ ಚಿಕ್ಕ ಸ್ವಿಚ್ಚು ಎಲ್ಲ ಕೆಳಗಿಳಿಸಿ, ದೊಡ್ಡದನ್ನು ಎತ್ತಿ, ಆಮೇಲೆ ಒಂದೊಂದೇ ಚಿಕ್ಕದನ್ನು ಎತ್ತಿದ್ರೆ? ಎಲ್ಲಿ ಬೀಳ್ತದೆ ಅಂತ ನೋಡಬಹುದಲ್ಲ?"

"ಬಿಲ್ಕುಲ್ ನೋಡಿ. ನಾನು ಬಂದು ಮಾಡಬೇಕಿದ್ದೂ ಅದನ್ನೇ. ಬಿದ್ದದ್ದನ್ನು ಮಾತ್ರ ಮತ್ತೆ ಮತ್ತೆ ಎತ್ತಬೇಡಿ, ಡಬ್ಬಿಯೊಳಗೆ ಕೈ ಹಾಕಬೇಡಿ" ಅಂತ ಹೇಳಿ ಹೋದ.

ಅವಳು ಸೆರಗು ಸಿಕ್ಕಿಸಿದಳು. ಆಫೀಸಿನಲ್ಲಿ ಹೀಗೇ ನಿಲ್ಲುತ್ತಿದ್ದಳೇನೋ. ಚಿಕ್ಕವೆಲ್ಲ ಕೆಳಗೆ, ದೊಡ್ಡದು ಮೇಲೆ. ನಿಂತಿತು! "ಇಲ್ಲಿವರೆಗೆ ಫೈಲು ಬಂದಿದೆ" ಅಂದಳು. ಫ್ರಿಜ್ಜಿನದ್ದು ಎತ್ತಿದಳು, ನಿಂತಿತು. ಅಡುಗೆಮನೆಯ ಪ್ಲಗ್ಗಿನದ್ದು ನಿಂತಿತು. ವಾಷಿಂಗ್ ಮಷೀನಿನದ್ದೂ ನಿಂತಿತು. ಪ್ರತಿ ಸಲಕ್ಕೂ ನಾನು ಕಣ್ಣು ಮುಚ್ಚಿ "ಗಜಾನನಾ" ಅನ್ನುತ್ತಿದ್ದೆ. ಕೊನೆಯದು ಹಾಲಿನ ಲೈಟು, ಫ್ಯಾನಿನದ್ದು. ಎತ್ತಿದಳು. ಠಕ್!

"ಸಿಕ್ಕಿತು ಟೇಬಲ್ಲು" ಅಂದಳು.

ಹಾಲಿನ ಸ್ವಿಚ್ಚನ್ನು ಕೆಳಗೇ ಬಿಟ್ಟು ದೊಡ್ಡದನ್ನು ಎತ್ತಿದಳು. ಅಡುಗೆಮನೆಗೆ ಬೆಳಕು ಬಂತು, ಫ್ರಿಜ್ಜು ಗುಂಯ್ ಅಂತು. ನನ್ನ ಮಿಕ್ಸಿ ಬೈಗುಳವೆಲ್ಲ ದಂಡವಾಯಿತು ನೋಡಿ, ಅದು ಸಾಧುವಿನ ಹಾಗೆ ತಿರುಗತೊಡಗಿತು. "ಸಾಕು ಬಿಡೇ, ಹಾಲಿಗೆ ನಮ್ಮನೆ ಟೇಬಲ್ ಲ್ಯಾಂಪ್ ತರ್ತೀನಿ" ಅಂದೆ. ಅವಳು ಕೇಳಬೇಕಲ್ಲ. "ಟೇಬಲ್ಲು ಗೊತ್ತಾಯ್ತು, ಡ್ರಾಯರ್ ಗೊತ್ತಾಗಲಿಲ್ಲ. ವಾಸಂತಿ, ಬೆಳಿಗ್ಗೆ ಕಾಫಿ ಕುಡಿವಾಗ ಹಾಲಿನ ಫ್ಯಾನ್ ತಿರುಗ್ತಿತ್ತಾ?"

"ತಿರುಗ್ತಿತ್ತು. ಪೇಪರ್ ಹಾರ್ತಿತ್ತು."

"ಆಮೇಲೆ ಹಾಲಿನಲ್ಲಿ ನಾವು ಎಂತ ಮಾಡಿದ್ವಿ?"

"ಇನ್ನೇನು ಮಾಡ್ತೀವಿ? ಫಲಾವಳಿ ಕಟ್..." ನನ್ನ ಮಾತು ಅರ್ಧಕ್ಕೇ ನಿಂತಿತು. ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು. ಹೊಸ ಕೊಕ್ಕೆ ತೆಂಗಿನಕಾಯಿಗಳ ಭಾರಕ್ಕೆ ಒಂದು ಕಡೆ ವಾಲಿತ್ತು. ಬುಡದ ಸುಣ್ಣ ಉದುರಿತ್ತು. ಅಲ್ಲಿಂದ ಆಚೆಗೆ ಫ್ಯಾನು, ಈಚೆಗೆ ಸ್ವಿಚ್ಚಿನ ಗೋಡೆ. ಫ್ಯಾನಿನ ವೈರು ತಾರಸಿಯೊಳಗೆ ಆ ದಾರಿಯಲ್ಲಲ್ಲದೆ ಇನ್ನೆಲ್ಲಿ ಹೋದೀತು! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕಥೆ.

ಮೇನ್ ಸ್ವಿಚ್ಚನ್ನೇ ಆರಿಸಿ, ಮರದ ಚೌಕಟ್ಟು ಹಿಡಿದು ಫಲಾವಳಿ ಇಳಿಸಿದೆವು. ಮತ್ತೆ ಎಲ್ಲ ಎತ್ತಿ ನೋಡಿದರೆ, ಹಾಲಿನ ಸ್ವಿಚ್ಚೂ ನಿಂತಿತು! ಭಾರ ಹೋಗಿ ಕೊಕ್ಕೆ ಸಡಿಲವಾದ ಮೇಲೆ ವೈರನ್ನು ಒತ್ತುತ್ತಿರಲಿಲ್ಲ. ನಾನು ಕುಣಿಯುವುದೊಂದು ಬಾಕಿ. "ಹಾಗಾದ್ರೆ ತೆಂಗಿನಕಾಯಿ ತೆಗೆದು ಬರೀ ನಾಲ್ಕು ಮಾವಿನೆಲೆ ತೂಗುಬಿಡು!"

"ಬೇಡ ಮಾರಾಯ್ತಿ. ವೈರಿಗೆ ಗಾಯ ಆಗಿದೆ. ನಾಳೆ ಮೊಮ್ಮಗಳು ಅನನ್ಯಾ ಇದರ ಕೆಳಗೇ ಕೂರ್ತಾಳೆ" ಅಂತ ಹಾಲಿನ ಸ್ವಿಚ್ಚನ್ನು ಕೆಳಗಿಳಿಸಿದಳು. ಇಳಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಯಾರ ಹಂಗೂ ಬೇಡ ಅಂತ ತೂತು ಹೊಡೆಸಿದವಳು ನಾನೇ. ಫಲಾವಳಿ ಇಲ್ಲದ ಚೌತಿ ನಮ್ಮ ಮನೆಯಲ್ಲಿ ಚೌತಿಯೇ ಅಲ್ಲ. ವರುಣ ಹೇಳಿದ್ದು ಸರಿ ಅಂತ ಕಾಣ್ತದೆ."

ಅವಳ ಕಣ್ಣಲ್ಲಿ ನೀರು ನೋಡಿದ್ದು ಏಕನಾಥರು ಹೋದಾಗ ಬಿಟ್ಟರೆ ಅವತ್ತೇ. ನನಗೆ ಎಷ್ಟು ಸಂಕಟವಾಯಿತು ಅಂದರೆ, ಬೈಯಲೂ ಮಾತು ಹೊರಡಲಿಲ್ಲ.

ಆ ಹೊತ್ತಿಗೇ ವರುಣನ ಫೋನು. ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. "ಅಮ್ಮಾ, ಸಬ್ ಠೀಕ್? ಯಾಕೆ ನಿನ್ ವಾಯ್ಸ್ ಹೀಗಿದೆ? ಏನಾದ್ರೂ ಪ್ರಾಬ್ಲಮ್ ಇದ್ರೆ ಹೇಳು, ಈಗ್ಲೇ ಹೊರಡ್ತೀನಿ. ಈ ಸಲ ಸಿಂಪಲ್ಲಾಗಿ ಇಲ್ಲೇ ನಮ್ಮನೇಲಿ ಮಾಡೋಣ, ಯಾರೂ ಏನೂ ಅನ್ಕೊಳ್ಳಲ್ಲ."

ಅವಳು ಮೇಲೆ ನಿಂತ ಫ್ಯಾನನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಬೆನ್ನು ನೆಟ್ಟಗಾಯಿತು. "ಎಲ್ಲ ಸರಿ ಮಾಡ್ತಾ ಇದ್ದೇನೆ ಮಗಾ. ನೀನು ಬೆಳಿಗ್ಗೆಯೇ ಬಾ" ಅಂತ ಫೋನಿಟ್ಟಳು. ನನ್ನ ಕಡೆ ತಿರುಗಿ, "ಸ್ಟೂಲು ತಾ" ಅಂದಳು.

"ನಿನಗೆ ತಲೆ ನೆಟ್ಟಗಿದೆಯಾ? ಅರವತ್ತು ದಾಟಿದವಳು ಫ್ಯಾನ್ ಇಳಿಸ್ತೀಯಾ? ಬಿದ್ದು ಸೊಂಟ ಮುರ್ಕೊಂಡ್ರೆ ಗುರುಗ್ರಾಮಕ್ಕೆ ಆಂಬುಲೆನ್ಸಲ್ಲೇ ಹೋಗ್ತೀಯ!" ನನ್ನ ಬಾಯಿ ವಾಪಸ್ ಬಂದಿತ್ತು.

"ಇಷ್ಟು ವರ್ಷ ಅವರು ಇಳಿಸುವಾಗ ಕೆಳಗೆ ನಿಂತು ಸ್ಕ್ರೂ ಹಿಡ್ಕೊಂಡವಳು ಯಾರು? ನಾನು. ಮೇಲೆ ನಿಂತು ಕಾಮೆಂಟರಿ ಕೊಡ್ತಿದ್ರಲ್ಲ, ಒಂದೂ ಮರೆತಿಲ್ಲ."

ಬೈಯುತ್ತಲೇ ಹೋಗಿ ನಮ್ಮ ಯಜಮಾನರನ್ನು ಎಳೆದುಕೊಂಡು ಬಂದೆ. ಮೇನ್ ಸ್ವಿಚ್ಚು ಮತ್ತೆ ಆರಿಸಿದಳು. ಟೆಸ್ಟರ್ ಇಟ್ಟು ನೋಡಿದಳು. ಫ್ಯಾನಿನ ಕೆಳಗೆ ಊಟದ ಮೇಜು ಎಳೆದು, ಅದರ ಮೇಲೆ ಹಾಸಿಗೆ ಹಾಸಿದೆವು, ಅಕಸ್ಮಾತ್ ಕೈ ಜಾರಿದರೆ ಇರಲಿ ಅಂತ. ಪಕ್ಕದ ಸ್ಟೂಲು ಹತ್ತಿದಳು. ಇವರು ಅದನ್ನು ಗಟ್ಟಿ ಹಿಡಿದರು. ನಾನು ಮೇಜಿನ ಮೇಲೆ ಮಂಡಿಯೂರಿ ಕೈ ಚಾಚಿದೆ. ಇಡೀ ಟವರಿನಲ್ಲಿ ಯಾರಾದರೂ ಆ ದೃಶ್ಯ ನೋಡಿದ್ದರೆ ನಮ್ಮ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿತ್ತು.

"ಮೊದಲು ರೆಕ್ಕೆಗಳು, ಆಮೇಲೆ ಹೊಟ್ಟೆ" ಅಂದಳು ಮೇಲಿಂದ. ಅದು ಏಕನಾಥರ ಮಾತು. ಅದೇ ಧಾಟಿ, ಅದೇ ಎಳೆತ. ರೆಕ್ಕೆ ಒಂದೊಂದೇ ಬಿಚ್ಚಿ ಕೊಟ್ಟಳು. "ಈಗ ಮೇಲಿನ ಬಟ್ಟಲು ಜಾರಿಸು. ಈಗ ವೈರು. ಎರಡನ್ನೂ ಬೇರೆ ಬೇರೆ ಟೇಪಿನಲ್ಲಿ ಸುತ್ತು. ಈಗ ಪಿನ್ನು, ಹುಷಾರು, ಕೆಳಗೆ ಬಿದ್ರೆ ಸೋಫಾದಡಿ ಹೋಗಿ ಕೂರ್ತದೆ, ಗಣಪತಿಯ ಇಲಿ ಹಾಗೆ." ಆ ಕೊನೇ ಮಾತಿಗೆ ನಮ್ಮವರೂ ಮುಖ ಆಚೆ ತಿರುಗಿಸಿದರು. ಫ್ಯಾನಿನ ಭಾರ ನನ್ನ ಕೈಗೆ ಬಂತು, ಹಾಸಿಗೆಗೆ ಇಳಿಯಿತು. ಮೇಲೆ ಆ ಹಳೇ ಕೊಕ್ಕೆ, ವರ್ಷವರ್ಷವೂ ಹಗ್ಗ ತಿಕ್ಕಿ ನುಣ್ಣಗಾದದ್ದು, ಖಾಲಿಯಾಗಿ ನಿಂತಿತ್ತು.

ಸತ್‌ಪಾಲ್ ಲಿಫ್ಟಿನವರನ್ನು ಬಿಡಿಸಿ ಮಾತಿನಂತೆ ಬಂದ. ಫ್ಯಾನ್ ಹಾಸಿಗೆಯ ಮೇಲೆ ಮಲಗಿದ್ದು ನೋಡಿ, "ಆಂಟೀಜೀ, ಆಪ್‌ನೇ ಉತಾರಾ? ನೀವೇ ಇಳಿಸಿದ್ರಾ?" ಅಂತ ಬಾಯಿ ಬಿಟ್ಟ. ಹೊಸ ಕೊಕ್ಕೆ ಕಿತ್ತು, ಒಳಗೆ ಸಿಪ್ಪೆ ಸುಲಿದ ವೈರನ್ನು ತೋರಿಸಿದ. ಹಬ್ಬ ಕಳೆದ ಮೇಲೆ ವೈರು ಬದಲಿಸುತ್ತೇನೆ, ಅಲ್ಲಿಯವರೆಗೆ ಹಾಲಿನ ಸ್ವಿಚ್ಚು ಮುಟ್ಟಬೇಡಿ ಅಂದ. ಫಲಾವಳಿಯನ್ನು ಹಳೇ ಕೊಕ್ಕೆಗೆ ತೂಗಲು, ಮಂಟಪವನ್ನು ಅದರ ಕೆಳಕ್ಕೆ ಸರಿಸಲು ಅವನೇ ಕೈಜೋಡಿಸಿದ. ಬಿಸಿ ಚಕ್ಕುಲಿ ತಿಂದು ಹೋದ.

ಬೆಳಿಗ್ಗೆ ವರುಣ್, ತನ್ವಿ, ಪುಟ್ಟ ಅನನ್ಯಾ ಬಂದರು. ದೀಪದ ಕಂಬಗಳ ಬೆಳಕು, ಬಾಲ್ಕನಿಯ ಬಿಸಿಲು, ಮಂಟಪದಲ್ಲಿ ಗಣಪತಿ, ಮೇಲೆ ಫಲಾವಳಿ. ನಮ್ಮ ಮನೆಯ ಟೇಬಲ್ ಫ್ಯಾನ್ ಅಡುಗೆಮನೆಯ ಪ್ಲಗ್ಗಿನಿಂದ ಉಸಿರು ಬಿಡುತ್ತಿತ್ತು, ಯಾರಿಗೂ ಸಾಲದೆ. "ದಾದೀ, ಬಹುತ್ ಗರ್ಮಿ! ಫ್ಯಾನ್ ಎಲ್ಲಿ?" ಅಂತ ಅನನ್ಯಾ ಕೇಳಿದಳು.

ವರುಣ್ ತಲೆಯೆತ್ತಿದ. ಫ್ಯಾನಿನ ಜಾಗದಲ್ಲಿ ಫಲಾವಳಿ. ಅಪ್ಪ ಕಟ್ಟುತ್ತಿದ್ದಲ್ಲೇ. 

"ಅಮ್ಮಾ, ಫ್ಯಾನ್ ಯಾರು ಇಳಿಸಿದ್ದು?"

"ನಾನು" ಅಂದಳು, ಪಂಚಕಜ್ಜಾಯದ ತಟ್ಟೆ ಹಿಡಿದು ಬರುತ್ತ. ಆಮೇಲೆ ಒಂದೂ ಮುಚ್ಚಿಡದೆ ಹೇಳಿದಳು: ಹೊಸ ಕೊಕ್ಕೆ ಹಾಕಿಸಿದ್ದು, ಅರ್ಧ ಮನೆಯ ಕರೆಂಟ್ ಹೋದದ್ದು, ಒಂದೊಂದೇ ಸ್ವಿಚ್ಚು ಎತ್ತಿ ಹುಡುಕಿದ್ದು. "ಕೆಡಿಸಿದ್ದೂ ನಾನೇ, ಹುಡುಕಿದ್ದೂ ನಾನೇ. ಇನ್ನು ನೀನು ಹೇಳಿದ ಹಾಗೆ."

 ಈ ಹುಡುಗ ಈಗ ಪೆಟ್ಟಿಗೆಯ ಮಾತೆತ್ತಿದರೆ ಗಣಪತಿಯ ಎದುರೇ ಎರಡು ಬಿಡೋದು ಅಂತ ನಿಶ್ಚಯ ಮಾಡಿಕೊಂಡಿದ್ದೆ.

ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಬೆವರೋ ಕಣ್ಣೀರೋ, ಆ ಸೆಖೆಯಲ್ಲಿ ಯಾರಿಗೆ ಗೊತ್ತಾಗಬೇಕು. "ನೆಕ್ಸ್ಟ್ ಇಯರ್ ನೀನು ಸ್ಟೂಲ್ ಹತ್ತೋ ಹಾಗಿಲ್ಲ ಅಮ್ಮಾ. ಒಂದು ದಿನ ಮೊದಲೇ ಬಂದು ನಾನು ಇಳಿಸ್ತೀನಿ. ಅಪ್ಪ ಥರಾ ಏನೇನು ಮಾಡ್ಬೇಕು ಅಂತ ನೀನು ಕೆಳಗೆ ನಿಂತು ಹೇಳು."

ಶ್ರೀಲಕ್ಷ್ಮಿ ತಟ್ಟೆಯನ್ನು ಮೆಲ್ಲಗೆ ಗಣಪತಿಯ ಮುಂದಿಟ್ಟಳು. "ಮೊದಲೇ ಬರ್ತೀಯಾ? ಎಲ್ಲಿಗೆ?"

"ಇನ್ನೆಲ್ಲಿಗಮ್ಮಾ? ಇಲ್ಲಿಗೇ."